ಅರಿವಳಿಕೆ ತಜ್ಞನಾಗಿ ಕೋರ್ಟಿಗೆ ಅಭಿಪ್ರಾಯ ಕೊಡುವುದು: ನನ್ನ ಅನುಭವ

ಕಡತ ಕೈಗೆ ಬಂದಾಗ ಮೊದಲು ನೋಡುವುದು ಅದರಲ್ಲಿ ಯಾರ ಯಾರ ಹೆಸರಿದೆ ಎಂದು. ಸಹಪಾಠಿ, ಹಳೆಯ ಸಹೋದ್ಯೋಗಿ, ನಾನು ವಿಸಿಟಿಂಗ್ ಹೋಗುವ ಆಸ್ಪತ್ರೆ, ಯಾವುದಿದ್ದರೂ ಕಡತ ವಾಪಸ್. ಶುಲ್ಕ ಮೊದಲೇ ಬರಹದಲ್ಲಿ ಗೊತ್ತಾಗಿರಬೇಕು. ಕೇಸು ಗೆದ್ದರೆ ಇಷ್ಟು, ಸೋತರೆ ಇಷ್ಟು ಎಂಬ ಲೆಕ್ಕಕ್ಕೆ ಒಪ್ಪಿದರೆ ಸಾಕ್ಷ್ಯ ಅಲ್ಲಿಗೇ ಮುಗಿದಂತೆ.

ಮರಣದ ಸಾರಾಂಶ, ದೂರುದಾರರ ಅಫಿಡವಿಟ್ ಎರಡನ್ನೂ ಪಕ್ಕಕ್ಕಿಟ್ಟು ಓದಲು ಕೂರುತ್ತೇನೆ. ಇದಕ್ಕೆ ಕಾರಣವಿದೆ. 1991ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 112 ಅರಿವಳಿಕೆ ವೈದ್ಯರಿಗೆ 21 ಪ್ರಕರಣ ಓದಲು ಕೊಟ್ಟರು. ಚಿಕಿತ್ಸೆಯ ವಿವರ ಅದೇ, ಆದ ಹಾನಿ ತಾತ್ಕಾಲಿಕವೋ ಶಾಶ್ವತವೋ ಎಂಬುದು ಮಾತ್ರ ಬೇರೆ. ಶಾಶ್ವತ ಎಂದು ಓದಿದವರು ಅದೇ ಚಿಕಿತ್ಸೆಯನ್ನು ಹೆಚ್ಚು ಕಟುವಾಗಿ ಅಳೆದರು. ಆದ್ದರಿಂದ ಕೊನೆ ಏನಾಯಿತು ಎಂದು ಓದುವ ಮೊದಲೇ, ಆ ವರ್ಷದಲ್ಲಿ, ಅಂಥ ಆಸ್ಪತ್ರೆಯಲ್ಲಿ, ಯಾವ ಹಂತದಲ್ಲಿ ಏನು ಮಾಡಬೇಕಿತ್ತು ಎಂದು ಬರೆದಿಡುತ್ತೇನೆ.

ಕೇಸ್ ಶೀಟ್ ಒಂದೇ ಸಾಲದು. ಪಿಎಸಿ (ಅರಿವಳಿಕೆಗೆ ಮುಂಚಿನ ತಪಾಸಣೆ) ಹಾಳೆ, ಅನಸ್ತೇಷಿಯಾ ಚಾರ್ಟ್, ನರ್ಸ್ ನೋಟ್ಸ್, ಓಟಿ ರಿಜಿಸ್ಟರ್, ರಕ್ತದ ಎಬಿಜಿ (ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್ ಅಳೆಯುವ ಪರೀಕ್ಷೆ) ಚೀಟಿ, ಫಾರ್ಮಸಿ ಬಿಲ್, ಮಾನಿಟರಿನ ಟ್ರೆಂಡ್ (ಹೊತ್ತು ಹೊತ್ತಿನ ಅಳತೆಗಳ ದಾಖಲೆ) ಪ್ರಿಂಟ್, ಎಲ್ಲವನ್ನೂ ಕೇಳಿ ಪಡೆಯಬೇಕು. ಟ್ರೆಂಡ್ ಹೆಚ್ಚು ದಿನ ಉಳಿಯುವುದಿಲ್ಲ, ಹೊಸ ಕೇಸುಗಳ ದಾಖಲೆ ಅದರ ಮೇಲೆ ಕೂರುತ್ತದೆ. ಇನ್ನೊಂದು ತೊಡಕೆಂದರೆ ಗೋಡೆ ಗಡಿಯಾರ, ಮಾನಿಟರ್, ಎಬಿಜಿ ಯಂತ್ರ ಮೂರೂ ಒಂದೇ ಸಮಯ ತೋರಿಸುವುದಿಲ್ಲ. ಮಗು ಹುಟ್ಟಿದ್ದು, ಹೃದಯಕ್ಕೆ ಕೊಟ್ಟ ಮೊದಲ ಡಿಫಿಬ್ರಿಲೇಟರ್ ಶಾಕ್, ಹೀಗೆ ಎರಡು ದಾಖಲೆಯಲ್ಲೂ ಬರುವ ಒಂದು ಘಟನೆ ಹಿಡಿದು ಉಳಿದ ಸಮಯ ಹೊಂದಿಸಿಕೊಳ್ಳಬೇಕು. ಐದೈದು ನಿಮಿಷಕ್ಕೂ ರಕ್ತದೊತ್ತಡ 120/80 ಎಂದೇ ಬರೆದ ಚಾರ್ಟ್ ಕಂಡರೆ ವಕೀಲರಿಗೆ ಹಬ್ಬ. ನಾನು ಅಷ್ಟು ಬೇಗ ಸುಳ್ಳು ಎನ್ನುವುದಿಲ್ಲ. ಸಿಪಿಆರ್ (ನಿಂತ ಹೃದಯಕ್ಕೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ನಡೆಯುವಾಗ ಯಾರೂ ಪೆನ್ನು ಹಿಡಿದು ಕೂತಿರುವುದಿಲ್ಲ. ಆದರೆ ಆಮೇಲೆ ಬರೆದದ್ದು ಆಮೇಲೆ ಬರೆದದ್ದೆಂದೇ ನಮೂದಾಗಿರಬೇಕು.

ಹೆಚ್ಚು ವಾದ ಹುಟ್ಟುವುದು ಉಸಿರಿನ ಟ್ಯೂಬು ಅನ್ನನಾಳಕ್ಕೆ ಹೋಯಿತೇ ಎಂಬಲ್ಲಿ. ‘ಸ್ಯಾಚುರೇಷನ್ (ರಕ್ತದ ಆಮ್ಲಜನಕ ಮಟ್ಟ) 99 ಇತ್ತು, ಟ್ಯೂಬು ಸರಿಯಾಗೇ ಇತ್ತು’ ಎಂಬ ವಾದ ನಿಲ್ಲುವುದಿಲ್ಲ. ಮೊದಲೇ ಚೆನ್ನಾಗಿ ಆಮ್ಲಜನಕ ಕೊಟ್ಟ ಆರೋಗ್ಯವಂತ ವಯಸ್ಕರಲ್ಲಿ ಅದು ಇಳಿಯಲು ಹಲವು ನಿಮಿಷ ಹಿಡಿಯಬಹುದು. ಗರ್ಭಿಣಿ, ಸ್ಥೂಲಕಾಯರು, ಮಕ್ಕಳಲ್ಲಿ ಬಹಳ ಬೇಗ ಇಳಿಯುತ್ತದೆ. ಸ್ಟೆತಸ್ಕೋಪಿನಲ್ಲಿ ಕೇಳಿದ್ದು, ಟ್ಯೂಬಿನಲ್ಲಿ ಆವಿ ಕಂಡದ್ದು ಎರಡೂ ಮೋಸ ಮಾಡುತ್ತವೆ. ನಂಬಬೇಕಾದ್ದು ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್, ಅದೂ ಸತತವಾಗಿ ಮುಂದುವರಿದ ಅಲೆ. ಹೊಟ್ಟೆಗೆ ಸೇರಿದ ಕಾರ್ಬನ್ ಡೈಆಕ್ಸೈಡ್ ಮೊದಲ ಕೆಲವು ಉಸಿರಿಗೆ ಅಲೆ ತೋರಿಸಿ ಕ್ಷೀಣಿಸುತ್ತದೆ. ‘ಹೃದಯ ನಿಂತಿದ್ದರಿಂದ ಅಲೆ ಬರಲಿಲ್ಲ’ ಎಂದೂ ಹೇಳುತ್ತಾರೆ. ಸಿಪಿಆರ್ ಸರಿಯಾಗಿ ನಡೆಯುತ್ತಿದ್ದರೆ ಅಲೆ ಗಿಡ್ಡವಾಗಬಹುದು, ಸಾಮಾನ್ಯವಾಗಿ ಪೂರ್ತಿ ಚಪ್ಪಟೆಯಾಗುವುದಿಲ್ಲ. ಗೆರೆ ಚಪ್ಪಟೆಯಾಗಿದ್ದರೆ ಟ್ಯೂಬು ತಪ್ಪು ಜಾಗದಲ್ಲಿದೆ ಎಂದೇ ಹಿಡಿದು ನೋಡಬೇಕಿತ್ತು; ನೋಡಿದರೇ ಎಂಬುದು ನನ್ನ ಪ್ರಶ್ನೆ. ಮರಣೋತ್ತರ ವರದಿ ಇಲ್ಲಿ ಹೆಚ್ಚು ನೆರವಾಗದು, ಏಕೆಂದರೆ ಶವ ಸಾಗಿಸುವಾಗ ಟ್ಯೂಬು ಜರುಗಿರುತ್ತದೆ, ಇಲ್ಲವೇ ಮೊದಲೇ ತೆಗೆದಿರುತ್ತಾರೆ.

ಲೋಪವಿದ್ದ ಮಾತ್ರಕ್ಕೆ ಹಾನಿ ಅದರಿಂದಲೇ ಆಯಿತು ಎನ್ನಲಾಗದು. ರೋಗಿ ಎಷ್ಟು ಹೊತ್ತಿಗೆ ಊಟ ಮಾಡಿದ್ದರು ಎಂದು ಪಿಎಸಿಯಲ್ಲಿ ಬರೆದಿಲ್ಲ, ಸಾವು ಬಂದದ್ದು ಸ್ನಾಯು ಸಡಿಲಿಸುವ ಔಷಧದ ತೀವ್ರ ಅಲರ್ಜಿಯಿಂದ ಎಂದಿಟ್ಟುಕೊಳ್ಳಿ. ಲೋಪ ನಿಜ, ಸಾವಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ವರದಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಭಾಗ.

ನಿರ್ಲಕ್ಷ್ಯ ಎಂಬ ಪದ ನಾನು ಬಳಸುವುದಿಲ್ಲ, ಅದು ನ್ಯಾಯಾಧೀಶರ ತೀರ್ಮಾನ. ಬರೀ ತೀರ್ಮಾನ ಬರೆದರೆ ಪ್ರಯೋಜನವಿಲ್ಲ, ಆಧಾರವನ್ನೂ ಒದಗಿಸಬೇಕೆಂದು ಸುಪ್ರೀಂ ಕೋರ್ಟ್ 2009ರ ರಮೇಶ್ ಚಂದ್ರ ಅಗರವಾಲ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಪ್ರತಿ ಅಭಿಪ್ರಾಯದ ಮುಂದೆ ಕಡತದ ಪುಟಸಂಖ್ಯೆ, ಜತೆಗೆ ಘಟನೆಯ ವರ್ಷ ಚಾಲ್ತಿಯಲ್ಲಿದ್ದ ಪಠ್ಯಪುಸ್ತಕದ ಆವೃತ್ತಿ. ಆಮೇಲೆ ಬಂದ ಮಾರ್ಗಸೂಚಿಯಿಂದ ಹಿಂದಿನ ಕೇಸನ್ನು ಅಳೆಯುವಂತಿಲ್ಲ. ಪೊಲೀಸರು ಕೇಳುವ ಅಭಿಪ್ರಾಯಕ್ಕೆ ಮಟ್ಟ ಇನ್ನೂ ಮೇಲೆ: 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ಕ್ರಿಮಿನಲ್ ಕೇಸಿಗೆ ಲೋಪ ಘೋರವಾಗಿರಬೇಕು, ಅಭಿಪ್ರಾಯವನ್ನೂ ಆದಷ್ಟು ಮಟ್ಟಿಗೆ ಅದೇ ವಿಭಾಗದ ಸರ್ಕಾರಿ ವೈದ್ಯರಿಂದ ಪಡೆಯಬೇಕು.

ಗ್ರಾಹಕ ಆಯೋಗದಲ್ಲಿ ಬಹುಪಾಲು ಅಫಿಡವಿಟ್‌ನಲ್ಲೇ ಮುಗಿಯುತ್ತದೆ, ಪಾಟೀಸವಾಲೂ ಲಿಖಿತ ಪ್ರಶ್ನಾವಳಿಯಲ್ಲಿ ಬರಬಹುದು. ಕಟಕಟೆ ಹತ್ತಿದರೆ ವಕೀಲರು ಪುಸ್ತಕದ ಒಂದೇ ಸಾಲು ಓದಿ ‘ಹೌದೋ ಅಲ್ಲವೋ’ ಎನ್ನುತ್ತಾರೆ. ಪುಸ್ತಕ ಕೇಳಿ ಪಡೆದು ಹಿಂದಿನ ಮುಂದಿನ ಪ್ಯಾರಾ ಓದಿಯೇ ಉತ್ತರಿಸಬೇಕು. ನನ್ನ ವಿಷಯದ ಆಚೆಗಿನ, ಶಸ್ತ್ರಚಿಕಿತ್ಸಕರ ಕೈಚಳಕದ ಪ್ರಶ್ನೆಗೆ ‘ಅದು ನನ್ನ ಕ್ಷೇತ್ರವಲ್ಲ ಸ್ವಾಮಿ’ ಎಂದರಾಯಿತು. ಹೇಳಿಕೆಗೆ ಸಹಿ ಹಾಕುವ ಮುನ್ನ ಟೈಪಾದದ್ದನ್ನು ಅಕ್ಷರ ಅಕ್ಷರವಾಗಿ ಓದಬೇಕು. ಫೆಂಟನಿಲ್ ಎಂಬ ನೋವು ನಿವಾರಕ 100 ಮೈಕ್ರೋಗ್ರಾಂ ಎಂದದ್ದು ಮಿಲಿಗ್ರಾಂ ಆಗಿ ಟೈಪಾದರೆ ಪ್ರಮಾಣ ಸಾವಿರ ಪಟ್ಟು ಆಗಿಬಿಡುತ್ತದೆ. ಸಹಿ ಬೀಳುವ ಮೊದಲೇ ನ್ಯಾಯಾಧೀಶರ ಗಮನಕ್ಕೆ ತಂದು ತಿದ್ದಿಸಬೇಕು.