ಬೀಜಿಂಗ್‌ನಲ್ಲಿ ಸೀನು ಹತ್ತಿದರೆ: ಚೀನೀ ವೈದ್ಯರ ಹತ್ತಿರ ಹೋಗುವ ಮುಂಚೆ

ಬೀಜಿಂಗ್‌ಗೆ ಹೊಸದಾಗಿ ಬಂದ ನಮ್ಮವರೆಲ್ಲ ಏಪ್ರಿಲ್‌ನಲ್ಲಿ ಹತ್ತಿಯ ಹಾಗೆ ಹಾರುವ ಪಾಪ್ಲರ್ ಮರದ ಎಳೆಗಳನ್ನು ಬೈಯುತ್ತಾರೆ. ಪಾಪ, ಅದು ಬರೀ ಬೀಜದ ನೂಲು. ಅಲರ್ಜಿ ಮಾಡುವುದು ಮುಖ್ಯವಾಗಿ ಕಣ್ಣಿಗೆ ಕಾಣದ ಪರಾಗ. ವಸಂತದಲ್ಲಿ ಸೈಪ್ರೆಸ್ ಮರದ್ದು, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮಾಚಿಪತ್ರೆ ಜಾತಿಯ ಗಿಡಗಳದ್ದು.

ಇಲ್ಲಿನ ಸಾಂಪ್ರದಾಯಿಕ ವೈದ್ಯರಿಗೆ ಯಾವ ಪರಾಗ ಅನ್ನುವುದಕ್ಕಿಂತ ನಿಮ್ಮ ಮೈ ಹೇಗಿದೆ ಅನ್ನುವುದೇ ಮುಖ್ಯ. ಒಂದೇ ಬಸ್‌ಸ್ಟಾಪಿನಲ್ಲಿ ನಿಂತವರಲ್ಲಿ ನೀವೊಬ್ಬರೇ ಯಾಕೆ ಸೀನುತ್ತೀರಿ, ಅಲ್ವಾ? ಹೊರಗಿನ ಗಾಳಿಯನ್ನು ತಡೆಯುವ ‘ವೇ ಛೀ’ ಶಕ್ತಿ ನಿಮ್ಮಲ್ಲಿ ಕಡಿಮೆ ಅನ್ನುವುದು ಅವರ ಉತ್ತರ. ಆ ಶಕ್ತಿ ಬರುವುದು ತಿಂದ ಊಟದಿಂದ ಅನ್ನುತ್ತಾರೆ, ಹಾಗಾಗಿ ಮೂಗಿನ ತೊಂದರೆಗೆ ಜೀರ್ಣದ ಬಗ್ಗೆ ಕೇಳಿದರೆ ಗಾಬರಿಯಾಗಬೇಡಿ.

ಹೋಗುವ ಮುಂಚೆ ಇಷ್ಟು ನೋಡಿಟ್ಟುಕೊಳ್ಳಿ. ಮೂಗಿನಿಂದ ನೀರಿನ ಹಾಗೆ ಸೋರುತ್ತಾ, ಮೈ ಚಳಿಚಳಿ ಅನ್ನುತ್ತಾ? ಅದು ಅವರ ಲೆಕ್ಕದಲ್ಲಿ ಶೀತದ ಗಾಳಿ. ಸಿಂಬಳ ಹಳದಿ, ಗಟ್ಟಿ, ಕಣ್ಣು ಕೆಂಪು ಅಂದರೆ ಉಷ್ಣ. ಕಾಫಿ ಕುಡಿದು ಹೋಗಬೇಡಿ, ನಾಲಿಗೆಯ ಬಣ್ಣ ನೋಡುತ್ತಾರೆ. ಆಮೇಲೆ ಎರಡೂ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಹಿಡಿಯುತ್ತಾರೆ.

ಜಾಸ್ತಿ ಕೊಡುವುದು ‘ಯೂ ಪಿಂಗ್ ಫೆಂಗ್’. ಹುವಾಂಗ್‌ಛೀ, ಬೈಜೂ, ಫಾಂಗ್‌ಫೆಂಗ್ ಎಂಬ ಮೂರು ಬೇರುಗಳ ಔಷಧ. ಅಂಗಡಿಯಲ್ಲಿ ಹರಳಿನ ಪುಡಿಯಾಗಿ ಸಿಗುತ್ತದೆ, ಬಿಸಿನೀರಿಗೆ ಹಾಕಿ ಕುಡಿಯುವುದು. ಸೀಸನ್ ಶುರುವಾಗುವ ಮುಂಚೆಯೇ ಕುಡಿಯಲು ಹೇಳುತ್ತಾರೆ.

ಜುಲೈ–ಆಗಸ್ಟ್‌ನ ಸುಡುಬಿಸಿಲಲ್ಲಿ ‘ಸಾನ್‌ಫೂ’ ಪಟ್ಟಿಗಾಗಿ ಕ್ಯೂ ಇರುತ್ತದೆ. ಬಿಳಿ ಸಾಸಿವೆ ಮತ್ತಿತರ ಔಷಧದ ಪುಡಿಯನ್ನು ಶುಂಠಿ ರಸದಲ್ಲಿ ಕಲಸಿ ಬೆನ್ನಿಗೆ ಅಂಟಿಸುತ್ತಾರೆ. ಚುರುಚುರು ಅನ್ನುತ್ತದೆ. ಉರಿ ತಡೆಯದಿದ್ದರೆ ತಕ್ಷಣ ಕಿತ್ತುಹಾಕಿ, ಇಲ್ಲದಿದ್ದರೆ ಬೊಬ್ಬೆ ಬರಬಹುದು. ಮರ್ಯಾದೆಗೆ ಸುಮ್ನೆ ಕೂರಬೇಡಿ.

ಖರ್ಚಿಲ್ಲದ್ದು ಅಂದರೆ ಮೂಗಿನ ಹೊಳ್ಳೆಯ ಪಕ್ಕದ ಗೆರೆಯಲ್ಲಿರುವ ‘ಯಿಂಗ್‌ಶಿಯಾಂಗ್’ ಬಿಂದು. ತೋರುಬೆರಳುಗಳಿಂದ ಬೆಚ್ಚಗಾಗುವವರೆಗೆ ಉಜ್ಜಿ. ಕಟ್ಟಿದ ಮೂಗು ಸ್ವಲ್ಪ ಸಡಿಲವಾದ ಹಾಗೆ ನನಗಂತೂ ಅನ್ನಿಸುತ್ತದೆ.

ಇಲ್ಲಿನ ಸೂಜಿ ಚಿಕಿತ್ಸೆಯನ್ನು (ಅಕ್ಯುಪಂಕ್ಚರ್) ಜರ್ಮನಿಯಲ್ಲಿ ಪರಾಗದ ಅಲರ್ಜಿ ಇದ್ದ 422 ಜನರ ಮೇಲೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಎಂಟು ವಾರಕ್ಕೆ ಉಪಯೋಗ ಕಂಡಿತು, ಆದರೆ ಹದಿನಾರನೇ ವಾರಕ್ಕೆ ಆ ವ್ಯತ್ಯಾಸ ಉಳಿಯಲಿಲ್ಲ. ಹಾಗಾಗಿ ನನ್ನ ಅಲರ್ಜಿ ಮಾತ್ರೆ ಸೆಟಿರಿಜಿನ್ ಬ್ಯಾಗಿನಲ್ಲೇ ಇದೆ. ಯಾವ ಮಾತ್ರೆ ನುಂಗುತ್ತೀರಿ, ಬಸುರಿಯಾಗಿದ್ದೀರಾ ಅನ್ನುವುದನ್ನು ವೈದ್ಯರಿಗೆ ಹೇಳಲೇಬೇಕು. ಎದೆಯಲ್ಲಿ ಗೊರಗೊರ ಸದ್ದು, ಉಸಿರಿಗೆ ಕಷ್ಟ ಅಂದರೆ ಸೀದಾ ಆಸ್ಪತ್ರೆಗೆ ಹೋಗಿ.

ಇನ್ನೊಂದು, ಕಣ್ಣುರಿಗೆ ಇಲ್ಲಿ ಎಲ್ಲರೂ ಸೇವಂತಿಗೆ ಚಹಾ ಕೊಡುತ್ತಾರೆ. ಸೇವಂತಿಗೆ, ಮಾಚಿಪತ್ರೆ ಎರಡೂ ಒಂದೇ ಕುಟುಂಬದ ಗಿಡಗಳು. ಸೆಪ್ಟೆಂಬರ್‌ನಲ್ಲಿ ಸೀನುವವರಿಗೆ ಇದೂ ಆಗದೆ ಇರಬಹುದು. ಬಾಯಿ ತುರಿಸಿದರೆ ಲೋಟ ಕೆಳಗಿಡಿ.