ನೀವು ಮಾಡಿದ ಆಪ್, ಸ್ಟೋರ್‌ನಿಂದ ವಾಪಸ್ ಬರದಂತೆ ನೋಡಿಕೊಳ್ಳುವುದು ಹೇಗೆ?

ಗಂಗಾವತಿಯ ಇಬ್ಬರು ಹುಡುಗರು ಭತ್ತದ ಕಟಾವು ಮಷಿನ್ ಬುಕ್ ಮಾಡುವ ಆಪ್ ಮಾಡಿದ್ದರು. ಗೂಗಲ್ ಪ್ಲೇ ಸ್ಟೋರ್‌ಗೆ ಹಾಕಿದರು, ಪರಿಶೀಲನೆಯಲ್ಲಿ ಪಾಸಾಗದೆ ವಾಪಸ್ ಬಂತು. ಬಟನ್ ಬಣ್ಣ ಬದಲಿಸಿ ಮತ್ತೆ ಹಾಕಿದರು, ಮತ್ತೆ ವಾಪಸ್. ಮೂರನೇ ಸಲ ಬರುವ ಹೊತ್ತಿಗೆ ಗದ್ದೆಯಲ್ಲಿ ಕೂಳೆ ಮಾತ್ರ ಉಳಿದಿತ್ತು. "ಅಣ್ಣಾ, ಅವರಿಗೆ ನಮ್ಮ ಮ್ಯಾಲೆ ಏನೋ ಸಿಟ್ಟೈತಿ" ಎಂದ ಒಬ್ಬ. ಮೇಲ್ ತೆಗೆಸಿ ನೋಡಿದೆ. ಮೂರು ಸಲವೂ ಒಂದೇ ಕಾರಣ: ಲಾಗಿನ್ ಆಗುತ್ತಿಲ್ಲ. ಇವರು ಮೊದಲ ಸಾಲು ಬಿಟ್ಟು ಮುಂದೆ ಓದಿಯೇ ಇರಲಿಲ್ಲ.

ಹಂತ 1: ಖಾತೆ ತೆರೆಯಿರಿ. ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99. ನಮ್ಮ ಕಡೆಯ ರೈತರಿಗೆ ಆಪ್ ಅಂದರೆ ಪ್ಲೇ ಒಂದೇ ಸಾಕು.

ಹಂತ 2: ಪರೀಕ್ಷಕರನ್ನು ಹುಡುಕಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಯಾದರೆ ಆಪ್ ಎಲ್ಲರಿಗೂ ಬಿಡುವ ಮೊದಲು 12 ಜನ ಸತತ 14 ದಿನ ಪರೀಕ್ಷೆಯಲ್ಲಿ ಇರಲೇಬೇಕು. ಮೊದಲು 20 ಇತ್ತು. ನೀವು 18 ಜನರನ್ನು ಸೇರಿಸಿ, ನಡುವೆ ಯಾರಾದರೂ ಹೊರಬಿದ್ದೇ ಬೀಳುತ್ತಾರೆ. ದುಡ್ಡಿಗೆ ಪರೀಕ್ಷಕರನ್ನು ಕೊಡುವವರ ಸಹವಾಸ ಬೇಡ. ಹಾಸ್ಟೆಲ್ ಗೆಳೆಯರು, ಸೋದರಮಾವನ ಮಕ್ಕಳು ಎಲ್ಲಿ ಹೋದರು?

ಹಂತ 3: ಸ್ಟೋರ್ ಕಡೆಯಿಂದ ಆಪ್ ತೆರೆದು ನೋಡುವ ಪರಿಶೀಲಕನಿಗೆ ಬಾಗಿಲು ತೆಗೆದಿಡಿ. ಎಲ್ಲರೂ ಮುಗ್ಗರಿಸುವುದು ಇಲ್ಲೇ. ನಿಮ್ಮ ಆಪ್ ಮೊಬೈಲ್ ನಂಬರ್ ಕೇಳುತ್ತದೆ, ಒಟಿಪಿ ಕಳಿಸುತ್ತದೆ. ಎಲ್ಲೋ ದೂರದ ದೇಶದಲ್ಲಿ ಕೂತವನ ಹತ್ತಿರ ನಮ್ಮ ಸಿಮ್ ಇರುತ್ತದಾ? ಲಾಗಿನ್ ನಡೆಸಲು ಗೂಗಲ್‌ನ ಫೈರ್‌ಬೇಸ್ ಸೇವೆ ಬಳಸುತ್ತಿದ್ದರೆ ಟೆಸ್ಟ್ ನಂಬರ್ ಸೇರಿಸಿ, ಅದಕ್ಕೊಂದು ಖಾಯಂ ಕೋಡ್ ಕೊಡಿ. ಮೆಸೇಜ್ ಹೋಗುವ ಗೋಜೇ ಇಲ್ಲ. ಆ ನಂಬರ್, ಕೋಡ್ ಎರಡನ್ನೂ ಪ್ಲೇ ಕನ್ಸೋಲ್‌ನ (ನೀವು ಆಪ್ ಹಾಕುವ ಗೂಗಲ್ ಪುಟ) 'ಆಪ್ ಆಕ್ಸೆಸ್' ಜಾಗದಲ್ಲಿ ಇಂಗ್ಲಿಷ್‌ನಲ್ಲಿ ಬರೆಯಿರಿ. ಅವನಿಗೆ ಕನ್ನಡ ಬರಲಿಕ್ಕಿಲ್ಲ. 'ಮೇಲಿನಿಂದ ಮೂರನೇ ಹಸಿರು ಬಟನ್ ಒತ್ತಿ' ಅನ್ನುವಷ್ಟು ಬಿಡಿಸಿ ಹೇಳಿ.

ಇಷ್ಟಾದರೂ ಹುಡುಗರ ಕೆಲಸ ಮುಗಿದಿರಲಿಲ್ಲ. ಆಪ್ ತೋರಿಸುವುದು 20 ಕಿಲೋಮೀಟರ್ ಒಳಗಿನ ಮಷಿನ್ ಮಾತ್ರ. ದೂರದವನು ಲಾಗಿನ್ ಆದರೆ ಖಾಲಿ ಪರದೆ! ಟೆಸ್ಟ್ ನಂಬರ್‌ನಿಂದ ಬಂದವರಿಗೆ ಜಾಗ ಗಂಗಾವತಿ ಎಂದೇ ಕಾಣುವಂತೆ ಮಾಡಿಸಿದೆ, ನಾಲ್ಕು ಸುಳ್ಳು ಬುಕಿಂಗ್ ತುಂಬಿಸಿದೆ. ಆಮೇಲೆ ಹಳೇ ಫೋನಿನ ಸಿಮ್ ತೆಗೆದು, ವೈಫೈ ಮೇಲೆ ನೀವೇ ಲಾಗಿನ್ ಆಗಿ ನೋಡಿ. ರಾತ್ರಿ ಸರ್ವರ್ ಆಫ್ ಮಾಡಬೇಡಿ, ಪರಿಶೀಲಕ ಯಾವ ಹೊತ್ತಿಗಾದರೂ ಬರಬಹುದು. ಕೆಲವು ಪುಕ್ಕಟೆ ಸರ್ವರ್‌ಗಳು ಕೆಲಸ ಇಲ್ಲದಾಗ ನಿದ್ದೆ ಹೋಗುತ್ತವೆ, ಜೋಕೆ.

ಹಂತ 4: ಬೇಡದ ಪರ್ಮಿಷನ್ ಕಿತ್ತುಹಾಕಿ. ಮಷಿನ್ ಬುಕ್ ಮಾಡಲು ಎಸ್ಎಂಎಸ್ ಓದುವುದು ಯಾಕೆ? ಪ್ರೈವೆಸಿ ಪಾಲಿಸಿ ಕೊಂಡಿ ಒತ್ತಿದರೆ ಪುಟ ತೆರೆದುಕೊಳ್ಳಬೇಕು. ಖಾತೆ ತೆರೆಸುತ್ತೀರಿ ಅಂದರೆ ಅಳಿಸುವ ದಾರಿಯನ್ನೂ ಇಡಿ, ಎರಡೂ ಸ್ಟೋರ್‌ಗಳಲ್ಲಿ ಇದು ಕಡ್ಡಾಯ. ಅಂದಹಾಗೆ, ವೆಬ್‌ಸೈಟನ್ನೇ ಸುತ್ತಿ ಆಪ್ ಮಾಡಿಕೊಡುವ ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಡಿ. ಅಂಥದ್ದಕ್ಕೆ ಆಪಲ್, ಬರೀ ವೆಬ್‌ಸೈಟ್ ಸುತ್ತಿದ ಆಪ್ ಬೇಡ ಎನ್ನುವ 4.2ನೇ ನಿಯಮ ತೋರಿಸುತ್ತದೆ.

ಹಂತ 5: ಆದರೂ ವಾಪಸ್ ಬಂತಾ? ಸಿಟ್ಟಿನಲ್ಲಿ ಅದೇ ಫೈಲ್ ಮತ್ತೆ ಹಾಕಬೇಡಿ. ಮೇಲ್ ಪೂರ್ತಿ ಓದಿ, ಲಗತ್ತಿಸಿದ ಚಿತ್ರ ಇದ್ದರೆ ದೊಡ್ಡದು ಮಾಡಿ ನೋಡಿ. ತಪ್ಪು ಅವರದೇ ಅನ್ನಿಸಿದರೆ ಎರಡು ಸಾಲಿನಲ್ಲಿ ಮರ್ಯಾದೆಯಿಂದ ಅಪೀಲು ಬರೆಯಿರಿ. ತಪ್ಪು ನಮ್ಮದಾದರೆ ತಿದ್ದಿ, ವರ್ಷನ್ ಕೋಡ್ (ಆಪ್‌ನ ಪ್ರತಿ ಆವೃತ್ತಿಗೆ ಕೊಡುವ ಸಂಖ್ಯೆ) ಒಂದಂಕಿ ಏರಿಸಿ ಹಾಕಿ. ಹುಡುಗರು ಅದನ್ನೂ ಮರೆತು ಒಂದು ಸಂಜೆ ಕಳೆದರು. ಆಪ್ ಬಂದದ್ದು ಬೇಸಿಗೆ ಭತ್ತದ ಕಟಾವಿಗೆ.