ಕೇಳುವವನ ಮುಖದ ಮೇಲೆ ಕ್ಯಾಮೆರಾ: ಗ್ಯಾರೆತ್ ಗ್ವೆನ್‌ಲನ್ ಅವರ ಕೆಲಸದಿಂದ ನಾನು ಕಲಿತದ್ದು

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಸ್ಟುಡಿಯೋ ಒಂದರಲ್ಲಿ, ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಚಿತ್ರೀಕರಿಸುವ ಅರ್ಧ ಗಂಟೆಯ ಹಾಸ್ಯ ಸರಣಿಯನ್ನು ನಿರ್ದೇಶಿಸುವ ಅವಕಾಶ ನನಗೆ ಸಿಕ್ಕಾಗ, ನನ್ನ ಬಳಿ ಇದ್ದದ್ದು ಬೆಂಗಳೂರಿನ ಧಾರಾವಾಹಿಗಳಲ್ಲಿ ಸಹಾಯಕ ನಿರ್ದೇಶಕನಾಗಿ ದುಡಿದ ಅನುಭವ ಮಾತ್ರ. ಅಲ್ಲಿ ದೃಶ್ಯವನ್ನು ತುಂಡು ತುಂಡಾಗಿ ತೆಗೆದು ಎಡಿಟಿಂಗ್‌ನಲ್ಲಿ ಕೂಡಿಸುತ್ತಿದ್ದೆವು. ಇಲ್ಲಿ ನಾಲ್ಕು ಕ್ಯಾಮೆರಾಗಳು ಒಟ್ಟಿಗೆ ಓಡುತ್ತವೆ, ನಟರು ರಂಗದ ಮೇಲೆ ಆಡುವಂತೆ ದೃಶ್ಯವನ್ನು ಪೂರ್ತಿ ಆಡುತ್ತಾರೆ, ಮನೆಯಲ್ಲಿ ಕುಳಿತವರು ಯಾವ ಕ್ಷಣದಲ್ಲಿ ಯಾರ ಮುಖವನ್ನು ನೋಡಬೇಕು ಎಂಬುದನ್ನು ನಿರ್ದೇಶಕ ಮೊದಲೇ ಕ್ಯಾಮೆರಾ ಸ್ಕ್ರಿಪ್ಟ್‌ನಲ್ಲಿ ಶಾಟ್ ಸಂಖ್ಯೆ ಹಾಕಿ ಬರೆದಿಟ್ಟಿರುತ್ತಾನೆ. ಈ ಕಸುಬನ್ನು ಕಲಿಸಿಕೊಡುವ ಗುರು ನನಗೆ ಹತ್ತಿರದಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ವೇಲ್ಸ್‌ನವರೇ ಆದ ಗ್ಯಾರೆತ್ ಗ್ವೆನ್‌ಲನ್ ಅವರ ಕೆಲಸವನ್ನು ಎದುರಿಗಿಟ್ಟುಕೊಂಡು ಕುಳಿತೆ.

ಗ್ವೆನ್‌ಲನ್ 1937ರಲ್ಲಿ ಬ್ರೆಕನ್ ಎಂಬ ಪುಟ್ಟ ಪಟ್ಟಣದಲ್ಲಿ ಹುಟ್ಟಿದವರು. ಬಿಬಿಸಿಯಲ್ಲಿ ನಿರ್ದೇಶಕರಾಗಿ, ನಿರ್ಮಾಪಕರಾಗಿ ಹೆಸರು ಮಾಡಿ, 1983ರಿಂದ 1990ರವರೆಗೆ ಅಲ್ಲಿನ ಹಾಸ್ಯ ವಿಭಾಗದ ಮುಖ್ಯಸ್ಥರಾಗಿದ್ದು, 2016ರಲ್ಲಿ ತೀರಿಕೊಂಡರು. ದೊಡ್ಡ ಕುರ್ಚಿಯನ್ನು ಬಿಟ್ಟಮೇಲೂ ಅವರು ಮತ್ತೆ ಸ್ಟುಡಿಯೋ ನೆಲಕ್ಕೆ ಇಳಿದು, ವೃದ್ಧಾಶ್ರಮವೊಂದರ ಕಥೆಯಾದ ‘ವೇಟಿಂಗ್ ಫಾರ್ ಗಾಡ್’ ಸರಣಿಯನ್ನು ತಾವೇ ನಿರ್ದೇಶಿಸಿ ನಿರ್ಮಿಸಿದರು ಎಂಬುದೇ ನನಗೆ ಅವರ ಮೇಲೆ ಗೌರವ ಹುಟ್ಟಿಸಿದ ಮೊದಲ ಸಂಗತಿ.

ನಾನು ಮಾಡಿದ್ದು ಇಷ್ಟೇ. ಗೆರೆ ಎಳೆದ ನೋಟ್‌ಬುಕ್ಕೊಂದನ್ನೂ ಸ್ಟಾಪ್‌ವಾಚನ್ನೂ ಇಟ್ಟುಕೊಂಡು, ಅವರ ಕಂತುಗಳನ್ನು ಒಂದೊಂದೇ ಶಾಟ್ ನಿಲ್ಲಿಸಿ ನೋಡುತ್ತಾ, ಒಂದು ಕಡೆ ಯಾರು ಮಾತನಾಡುತ್ತಿದ್ದಾರೆ ಎಂದೂ ಇನ್ನೊಂದು ಕಡೆ ಪರದೆಯ ಮೇಲೆ ಯಾರ ಮುಖವಿದೆ ಎಂದೂ ಬರೆದೆ. ಎರಡು ಕಡೆಯೂ ಒಂದೇ ಹೆಸರು ಬರುತ್ತದೆ ಎಂದು ಎಣಿಸಿದ್ದೆ. ಆದರೆ ನಗು ಏಳುವ ಜಾಗಗಳಲ್ಲೆಲ್ಲ ಮತ್ತೆ ಮತ್ತೆ ಬೇರೆ ಬೇರೆ ಹೆಸರುಗಳು ಬಂದವು.

‘ದಿ ಫಾಲ್ ಅಂಡ್ ರೈಸ್ ಆಫ್ ರೆಜಿನಾಲ್ಡ್ ಪೆರಿನ್’ ಸರಣಿಯಲ್ಲಿ ಒಂದು ಪ್ರಸಿದ್ಧ ತಂತ್ರವಿದೆ. ಅತ್ತೆಯ ಸುದ್ದಿ ಬಂದಾಗಲೆಲ್ಲ ನಾಯಕ ರೆಜಿಯ ಕಣ್ಣೆದುರು ನೀರಾನೆಯೊಂದು ಓಡುತ್ತದೆ. ನೀರಾನೆಯೇ ಹಾಸ್ಯ ಎಂದು ನಾನು ಬಹಳ ಕಾಲ ನಂಬಿದ್ದೆ. ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದಂತೆ, ನೀರಾನೆಯ ಆಚೆ ಈಚೆ ಇರುವ, ರೆಜಿಯ ಪಾತ್ರಧಾರಿ ಲೆನರ್ಡ್ ರಾಸಿಟರ್ ಅವರ ಮುಖವೇ ಅದನ್ನು ಹೊತ್ತು ನಿಂತಿದೆ ಎಂದು ತಿಳಿಯಿತು. ಏನೂ ಆಗಿಲ್ಲವೆಂಬಂತೆ ಸಂಭಾಷಣೆ ಮುಂದುವರಿಯುತ್ತದೆ, ಆ ಮುಖ ಮಾತ್ರ ಏನನ್ನೋ ಕಂಡಿರುತ್ತದೆ.

ಇದನ್ನು ಅರಿತಮೇಲೂ ನಾನು ಮೊದಲ ಕಂತಿನಲ್ಲೇ ಎಡವಿದೆ. ದೃಶ್ಯ ಸರಳವಾಗಿತ್ತು: ಅಡುಗೆಮನೆಯ ಮೇಜಿನ ಬಳಿ ತಾಯಿ ತನ್ನ ಮಗನಿಗೆ, ಅವನ ಕಾರನ್ನು ಮಾರಿಬಿಟ್ಟೆನೆಂದು ಹೇಳುತ್ತಾಳೆ. ಮಾತು ತಾಯಿಯದಾದ್ದರಿಂದ ಅವಳ ಮೇಲೆ ಕ್ಲೋಸಪ್ ಇಟ್ಟಿದ್ದೆ. ರೆಕಾರ್ಡಿಂಗ್‌ನ ರಾತ್ರಿ, ಟೋಸ್ಟ್‌ಗೆ ಬೆಣ್ಣೆ ಸವರುತ್ತಿದ್ದ ಮಗನ ಪಾತ್ರಧಾರಿ ಆ ಮಾತು ಕಿವಿಗೆ ಬಿದ್ದೊಡನೆ ಚಾಕುವನ್ನು ಬ್ರೆಡ್ಡಿನ ನಡುವೆಯೇ ನಿಲ್ಲಿಸಿದ. ಇಡೀ ರಂಗವನ್ನು ನೋಡಬಲ್ಲ ಪ್ರೇಕ್ಷಕರಿಗೆ ಅದು ಕಂಡು, ಸಭೆ ನಗುವಿನಿಂದ ತುಂಬಿತು. ನನ್ನ ಮಾನಿಟರ್‌ನಲ್ಲಿ ಮಾತ್ರ ತಾಯಿಯ ಬಾಯಿ ಇತ್ತು. ಮನೆಯಲ್ಲಿ ನೋಡುವವನಿಗೆ ಇವರೆಲ್ಲ ಯಾವುದಕ್ಕೆ ನಗುತ್ತಿದ್ದಾರೆ ಎಂದೇ ತಿಳಿಯದ ಸ್ಥಿತಿ. ಮತ್ತೊಮ್ಮೆ ಆಡಿಸಿದೆವು, ಆದರೆ ಗೊತ್ತಿರುವ ವಿಷಯಕ್ಕೆ ಯಾರು ಎಷ್ಟು ನಕ್ಕಾರು? ಈಗ ಪ್ರತಿ ಕ್ಯಾಮೆರಾದ ಚಿತ್ರವೂ ಬೇರೆಯಾಗಿ ದಾಖಲಾಗುವುದರಿಂದ, ಎರಡನೆಯ ಕ್ಯಾಮೆರಾದ ಸ್ವಲ್ಪ ಸಡಿಲವಾದ ಶಾಟೊಂದು ನಮ್ಮನ್ನು ಕಾಪಾಡಿತು. 1970ರ ದಶಕದಲ್ಲಿ ಸಾಮಾನ್ಯವಾಗಿ ಅಂಥ ಆಸರೆ ಇರಲಿಲ್ಲ. ಆ ಕ್ಷಣದಲ್ಲಿ ಆರಿಸಿದ ಚಿತ್ರವೇ ಟೇಪಿಗೆ ಹೋಗುತ್ತಿತ್ತು. ಆ ಕಾಲದ ನಿರ್ದೇಶಕರು ನಗುವನ್ನು ತಾಲೀಮಿನ ಕೋಣೆಯಲ್ಲೇ ಎಷ್ಟು ನಿಖರವಾಗಿ ಊಹಿಸಬೇಕಾಗಿತ್ತು ಎಂಬುದು ನನಗೆ ಮನದಟ್ಟಾದದ್ದು ಆ ರಾತ್ರಿ.

ಗ್ವೆನ್‌ಲನ್ ನಿರ್ಮಾಪಕರಾಗಿದ್ದ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ ಸರಣಿಯ 1989ರ ಕಂತೊಂದರಲ್ಲಿ, ಟೋನಿ ಡೌ ಅವರ ನಿರ್ದೇಶನದಲ್ಲಿ, ಡೇವಿಡ್ ಜೇಸನ್ ಬಾರ್‌ನ ಕಟ್ಟೆಗೆ ಒರಗಲು ಹೋಗಿ, ಅಲ್ಲಿ ಇಲ್ಲದ ಹಲಗೆಯನ್ನು ನಂಬಿ, ಕೈ ಚಾಚದೆ, ಮರದ ದಿಮ್ಮಿಯಂತೆ ಪಕ್ಕಕ್ಕೆ ಬೀಳುತ್ತಾರೆ. ಬಿದ್ದವನನ್ನು ಹಿಂಬಾಲಿಸಿ ಕ್ಯಾಮೆರಾ ಕೆಳಕ್ಕೆ ಹೋಗುವುದಿಲ್ಲ. ಜೊತೆಗಿದ್ದ ಗೆಳೆಯ ಇತ್ತ ತಿರುಗಿ, ಇವನೆಲ್ಲಿ ಹೋದನೆಂದು ಹುಡುಕುವುದನ್ನು ಅದು ನೋಡುತ್ತಾ ನಿಲ್ಲುತ್ತದೆ. ನಾನಾಗಿದ್ದರೆ ನೆಲವನ್ನು ತೋರಿಸಿ ಕೆಡಿಸುತ್ತಿದ್ದೆ.

ಅದೇ ಸರಣಿಯಲ್ಲಿ ಕಂತಿನ ಅವಧಿ 30 ನಿಮಿಷದಿಂದ 50 ನಿಮಿಷಕ್ಕೆ ಬೆಳೆಯಿತು. ನಿರ್ಮಾಪಕನ ದೃಷ್ಟಿಯಿಂದ ಇದನ್ನು ದೊಡ್ಡ ನಿರ್ಧಾರವೆಂದೇ ನಾನು ಎಣಿಸುತ್ತೇನೆ. ಸಮಯ ಹೆಚ್ಚಿದರೆ ಲೇಖಕ ಜಾನ್ ಸಲಿವನ್ ಅವರಂಥವರಿಗೆ ಪಾತ್ರಗಳು ಕಣ್ಣೀರು ಹಾಕುವುದಕ್ಕೂ ಜಾಗ ಸಿಗುತ್ತದೆ. 1996ರ ಡಿಸೆಂಬರ್ 29ರಂದು ಪ್ರಸಾರವಾದ ಅದರ ಕಂತನ್ನು ಬ್ರಿಟನ್ನಿನಲ್ಲಿ 2.43 ಕೋಟಿ ಜನ ನೋಡಿದರು.

ಕೊನೆಯ ವರ್ಷಗಳಲ್ಲಿ ಗ್ವೆನ್‌ಲನ್ ತವರಿಗೆ ಮರಳಿ, ದಕ್ಷಿಣ ವೇಲ್ಸ್‌ನ ಕಣಿವೆಗಳ ಜನರನ್ನು ಕುರಿತ ‘ಹೈ ಹೋಪ್ಸ್’ ಸರಣಿಯನ್ನು ಬಿಬಿಸಿ ವೇಲ್ಸ್‌ಗೆ ಮಾಡಿಕೊಟ್ಟರು. ಧಾರವಾಡದವನಾದ ನನಗೆ ಇದು ಮುಖ್ಯ, ಏಕೆಂದರೆ ನಮ್ಮ ಕಡೆಯ ಮಾತನ್ನು ಕೇವಲ ಅದರ ಧಾಟಿಗಾಗಿ ನಗೆಯ ಸರಕು ಮಾಡುವುದನ್ನು ಕಂಡು ನೊಂದವನು ನಾನು. ಆ ಸರಣಿಯಲ್ಲಿ ಎಲ್ಲರೂ ಕಣಿವೆಯ ಮಾತನ್ನೇ ಆಡುವುದರಿಂದ ಮಾತಿನ ಧಾಟಿ ತಾನಾಗಿ ನಗೆಗೆ ಕಾರಣವಾಗುವುದಿಲ್ಲ. ಮಾರ್ಗರೆಟ್ ಜಾನ್ ಅವರ ಅಜ್ಜಿ ಏನನ್ನು ಬಯಸುತ್ತಾಳೆ ಎಂಬುದರಿಂದ ನಗು ಹುಟ್ಟುತ್ತದೆ.

ಎರಡನೆಯ ಕಂತಿನ ತಾಲೀಮಿಗೆ ನಾನು ಕ್ಯಾಮೆರಾ ಸ್ಕ್ರಿಪ್ಟನ್ನು ಖಾಲಿಯಾಗಿಯೇ ತೆಗೆದುಕೊಂಡು ಹೋದೆ. ಮೂರು ದಿನ ಒಂದು ಶಾಟ್ ಸಂಖ್ಯೆಯನ್ನೂ ಬರೆಯದೆ, ಮಾತಿಲ್ಲದ ನಟರನ್ನೇ ನೋಡುತ್ತಾ ಕುಳಿತೆ. ನಾಲ್ಕನೆಯ ದಿನ ಪೆನ್ಸಿಲಿನಿಂದ ಶಾಟ್‌ಗಳನ್ನು ಗುರುತಿಸಿದಾಗ, ಹನ್ನೊಂದು ಕಡೆ ಕೇಳುವವನ ಹೆಸರಿನ ಪಕ್ಕದಲ್ಲಿ ‘ತಡಿ’ ಎಂದು ಬರೆದಿದ್ದೆ. ರೆಕಾರ್ಡಿಂಗ್‌ನ ರಾತ್ರಿ ಅವುಗಳಲ್ಲಿ ಎಂಟು ಕಡೆ ನಗು ಬಂತು, ಮೂರು ಕಡೆ ಬರಲಿಲ್ಲ. ಆ ಮೂರನ್ನು ಈಗ ಮತ್ತೆ ಸ್ಟಾಪ್‌ವಾಚ್ ಹಿಡಿದು ನೋಡುತ್ತಿದ್ದೇನೆ.